ಹೋದ ಸಲದ ಎದೆ

ಭಾವನ ಬರಹದಲ್ಲಿ ತಪ್ಪು ಹುಡುಕಿದರೆ ರಾತ್ರಿ ಅವನದೇ ಮನೆಯಲ್ಲಿ ತುತ್ತು ಗಂಟಲಲ್ಲಿ ಇಳಿದೀತೇ? ಬೆಳಿಗ್ಗೆ ಡೈರಿಯಲ್ಲಿ ಗೀಚಿಕೊಂಡಿದ್ದ ಈ ಚಿಂತೆ ಮಧ್ಯಾಹ್ನವಾದರೂ ಅವಳನ್ನು ಬಿಟ್ಟಿರಲಿಲ್ಲ. ಅಕ್ಕನ ಗಂಡ ಆ ಆಸ್ಪತ್ರೆಯ ಡಾಕ್ಟರು. ಅಲ್ಲಿಯದೇ ದಾಖಲೆ ಕೋಣೆಯಲ್ಲಿ ವರದಿ ಓದಿ ಕಾಯಿಲೆಗಳಿಗೆ ಕೋಡ್ ಸಂಖ್ಯೆ ಹಾಕುವ ಕೆಲಸ ಅವಳದು. ಡಾಕ್ಟರು ಬರೆದದ್ದಕ್ಕೆ ಮಾತ್ರ ಕೋಡ್. ಬರೆಯದಿದ್ದರೆ ಕೇಳಬಹುದು, ಆದರೆ ಉತ್ತರವನ್ನು ಅವರ ಬಾಯಿಗೆ ತುರುಕುವಂತಿಲ್ಲ.

ಪರದೆಯ ಮೇಲೆ ಸಿಕಲ್ ಸೆಲ್ ಕಾಯಿಲೆಯ ಹುಡುಗಿಯೊಬ್ಬಳ ಬಗ್ಗೆ ಭಾವ ಬರೆದ ಡಿಸ್ಚಾರ್ಜ್ ವರದಿ ಇತ್ತು. ರಕ್ತಕಣಗಳು ಕುಡುಗೋಲಿನಂತೆ ಬಾಗಿ ನಾಳದಲ್ಲಿ ಸಿಕ್ಕಿಕೊಳ್ಳುವ ಕಾಯಿಲೆ ಅದು. ‘ನಡೆದುಕೊಂಡು ಬಂದಳು. ಮೈಕೈ ನೋವು. ಎದೆಯಲ್ಲಿ ತೊಂದರೆಯಿಲ್ಲ’ ಎಂದಿತ್ತು ವರದಿ. ಆದರೆ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಹೊಸ ನೆರಳು! ಆಕ್ಸಿಜನ್ ಕೊಟ್ಟಿದ್ದರು, ರಕ್ತವನ್ನೂ ಏರಿಸಿದ್ದರು. ಇಷ್ಟೆಲ್ಲ ಯಾತಕ್ಕೆ ಎಂದು ಭಾವನಿಗೆ ಬರೆದು ಕೇಳಿದಳು.

‘ಇರೋದನ್ನೇ ಹಾಕಿ’ ಎಂದು ಉತ್ತರ ಬಂತು.

ಮತ್ತೆ ಕೇಳಿದಳು. ‘ಮೇಲೆ ನೋಡಿ.’

ಮೇಲೆ ನೋಡಿದರೆ ಫ್ಯಾನು ಗರಗರ ತಿರುಗುತ್ತಿತ್ತು.

ಹಲ್ಲು ಕಚ್ಚಿ ಹುಡುಗಿಯ ಹಳೆಯ ದಾಖಲೆ ತೆಗೆದಳು. ಹೋದ ಸಲದ ವರದಿಯಲ್ಲೂ ಅವೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಆದರೆ ನರ್ಸಿನ ಟಿಪ್ಪಣಿಯಂತೆ ಈ ಸಲ ಹುಡುಗಿ ಬಂದದ್ದು ಸ್ಟ್ರೆಚರಿನ ಮೇಲೆ.

ಅಷ್ಟರಲ್ಲಿ ಹುಡುಗಿಯ ತಾಯಿ ಕಿಟಕಿಗೆ ಬಂದಳು. "ಕಾಗದ ಆಯ್ತೇನಮ್ಮಾ? ನಾಳೆ ಊರು ಬಿಡ್ತಿದೀವಿ. ಹೊಸ ಆಸ್ಪತ್ರೇಲಿ ಅದನ್ನೇ ತೋರಿಸ್ಬೇಕು. ಬರೀ ನೋವು ಅಂದ್ರೆ ನಾಟಕ ಅಂತಾರೆ, ಮಾತ್ರೆ ಕೊಟ್ಟು ಅಟ್ತಾರೆ. ಇವಳಿಗೆ ಉಸಿರೇ ನಿಲ್ತಿತ್ತಲ್ಲ, ಅದನ್ನ ಬರ್ದಿದಾರೆ ತಾನೇ?"

"ಕೇಳ್ಕೊಂಡು ಬರ್ತೀನಿ, ಕೂತ್ಕೊಳ್ಳಿ" ಎಂದವಳು ಮೆಟ್ಟಿಲೇರಿದಳು.

ಅಕ್ಕ ಕಟ್ಟಿಕೊಟ್ಟ ಡಬ್ಬಿಯನ್ನು ಭಾವ ನಿಂತೇ ಖಾಲಿ ಮಾಡುತ್ತಿದ್ದ.

"ಓಹೋ, ಮೌನಗೌರಿ! ನಾನು ಪಲ್ಯ ಬಿಟ್ಟಿದೀನಾ ಅಂತ ನೋಡ್ಕೊಂಡು ಬಾ ಅಂದ್ಲಾ ನಿಮ್ಮಕ್ಕ?"

ಪಕ್ಕದಲ್ಲಿದ್ದ ನರ್ಸು ಕಿಸಕ್ಕೆಂದಳು.

"ಆ ಹುಡುಗಿ ವರದಿ..."

"ಮತ್ತೆ ಅದೇನಾ! ವಾರ್ಡ್ ತುಂಬಾ ಜನ, ಕಾಲೂರೋಕೆ ಜಾಗ ಇಲ್ಲ. ನಿನ್ನ ಪ್ರಶ್ನೆ ನೋಡಿದ್ರೆ ಪರೀಕ್ಷೆಗೆ ಕೂತ ಹಾಗಾಗುತ್ತೆ ನಂಗೆ. ‘ಸರಿ ಭಾವ’ ಅಂದು ಹೋಗು, ಜಾಣೆ."

ಸರಿ ಭಾವ. ಟೀವಿ ಚಾನೆಲ್ಲಿಗೂ ಅವಳದು ಅದೇ ಉತ್ತರ, ಕೆಲಸಕ್ಕೂ ಅದೇ, ನೋಡಲು ಬರುವ ಗಂಡಿಗೂ ಅದೇ. ಈಗಲೂ ಆ ಮಾತು ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತ್ತು. ಅವಳು ಅದನ್ನು ನುಂಗಿದಳು.

"ಇಲ್ಲ ಭಾವ" ಎಂದಳು. ದನಿ ನರ್ಸಿಗೂ ಕೇಳುವಷ್ಟಿತ್ತು. "ನೀವು ಬರ್ದಿರೋ ಎದೆ ಈ ಸಲದ್ದಲ್ಲ. ಹೋದ ಸಲದ್ದನ್ನೇ ತಂದು ಅಂಟಿಸಿದೀರಿ."