ಶುಕ್ರವಾರದ ಕಂತು

ನಾನು ಹುಟ್ಟಿದಾಗಿನಿಂದ ಯಾರ ಹತ್ತಿರವೂ ಒಂದು ಪೈಸೆ ಸಾಲ ಮಾಡಿದವಳಲ್ಲ. ಅದೇ ನನ್ನ ತಪ್ಪು ಎಂದು ಚಿಕ್ಕನಾಯಕನಹಳ್ಳಿಯ ಬ್ಯಾಂಕ್ ಮ್ಯಾನೇಜರ್ ರಂಗನಾಥ್ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ನಿಮಗೆ ಸಿಬಿಲ್ ಸ್ಕೋರೇ ಇಲ್ವಲ್ಲ ಯೋಗಿತಾ ಮೇಡಂ. ಸಾಲ ತಗೊಂಡು ತೀರಿಸಿದ್ರೆ ತಾನೇ ನಂಬೋದು?"

"ಸಾಲಾನೇ ಕೊಡದೆ ತೀರಿಸಿ ತೋರ್ಸು ಅಂದ್ರೆ ಹೆಂಗ್ರೀ?"

"ಒಂದು ಚಿಕ್ಕ ಸಾಲ ಕೊಡ್ತೀನಿ. ಒಂದು ವರ್ಷ ತಪ್ಪದೆ ಕಂತು ಕಟ್ಟಿ. ಒಂದು ಸಲ ತಡ ಆದ್ರೂ ದೊಡ್ಡ ಸಾಲದ ಆಸೆ ಬಿಟ್ಬಿಡಿ."

ನಾನು ಓದಿದ್ದು ಫಿಸಿಯೋಥೆರಪಿ. ತಿಪಟೂರಿನ ಒಬ್ಬ ಡಾಕ್ಟರ ಕೈಕೆಳಗೆ ಕೆಲಸ. ತೆಂಗಿನಕಾಯಿ ಸುಲಿದು ಸುಲಿದು ಸೊಂಟ ಹಿಡಿದುಕೊಂಡವರು ನಮ್ಮ ಕಡೆ ಊರಿಗೊಂದು ಬಸ್ಸಿನಷ್ಟಿದ್ದಾರೆ. ಅವರಿಗೆಲ್ಲ ಚಿಕ್ಕನಾಯಕನಹಳ್ಳಿಯಲ್ಲೇ ಒಂದು ಕ್ಲಿನಿಕ್ ತೆರೆಯಬೇಕು, ಬೋರ್ಡಿನ ಮೇಲೆ ನನ್ನ ಹೆಸರಿರಬೇಕು. ನನಗಿದ್ದದ್ದು ಅದೊಂದೇ ಆಸೆ. ಹಲ್ಲು ಕಚ್ಚಿಕೊಂಡು ಚಿಕ್ಕ ಸಾಲಕ್ಕೆ ಸಹಿ ಹಾಕಿ ಒಂದು ಫ್ರಿಜ್ ತಂದೆ. ಅಜ್ಜಿ ಚಿಕ್ಕಗೌರಮ್ಮ ಅದರೊಳಗೆ ದೇವರ ಹೂವು ಬಿಟ್ಟು ಬೇರೇನನ್ನೂ ಇಡಗೊಡಲಿಲ್ಲ.

ಡಾಕ್ಟರು ಸಂಬಳವನ್ನು ಕೈಗೇ ಕೊಡುತ್ತಿದ್ದರು. ಹಂದನಕೆರೆಯ ನಮ್ಮ ಮನೆಯಲ್ಲಿ ಅದು ಒಂದು ರಾತ್ರಿ ಲಕ್ಷ್ಮಿ ಪಟದ ಮುಂದೆ ಕೂರಬೇಕು. ಮರುದಿನ ಅಜ್ಜಿ ತೆಗೆದುಕೊಟ್ಟಮೇಲೆ ಹೋಗಿ ಕಂತು ಕಟ್ಟುತ್ತಿದ್ದೆ. ಎರಡು ತಿಂಗಳು ಸಲೀಸಾಗಿ ನಡೆಯಿತು. ಮೂರನೆಯ ತಿಂಗಳು ಕಂತಿನ ಕೊನೆಯ ದಿನ ಶುಕ್ರವಾರ ಬಿತ್ತು. ಅಜ್ಜಿ ದೇವರ ಮನೆಯ ಬಾಗಿಲಿಗೆ ಅಡ್ಡ ಕೂತುಬಿಟ್ಟಳು.

"ಶುಕ್ರವಾರ ಲಕ್ಷ್ಮೀನ ಮನೆಯಿಂದಾಚೆ ಕಳಿಸ್ತಾರೇನೇ? ನಾಳೀಕೆ ಕಟ್ಟು."

"ನಾಳೆ ಕಟ್ಟಿದ್ರೆ ತಡ ಅಂತ ಬರ್ಕತ್ತಾರೆ ಅಜ್ಜಿ!"

"ಬರ್ಕಳ್ಳಿ ಬುಡು. ನಾವೇನು ಊರು ಬುಟ್ಟು ಓಡೋಯ್ತೀವಾ?"

ಅಜ್ಜಿಯ ಮೇಲೆ ಸಿಟ್ಟು, ಬ್ಯಾಂಕಿನ ಮೇಲೆ ಸಿಟ್ಟು, ಶುಕ್ರವಾರದ ಮೇಲೂ ಸಿಟ್ಟು. ಕೂಗಾಡಿದೆ. ಅಜ್ಜಿ ಜಗ್ಗಲಿಲ್ಲ. ಕೊನೆಗೆ ನಿಜವಾಗಿಯೂ ಅಳು ಬಂದುಬಿಟ್ಟಿತು. ನನ್ನ ಅಳು ಮಾತ್ರ ಅಜ್ಜಿಗೆ ಆಗುವುದಿಲ್ಲ.

"ಅಳಬ್ಯಾಡ ಸುಮ್ಕಿರು. ನಾನೇ ಬತ್ತೀನಿ. ಮೊದ್ಲು ಅವ್ರು ಏನಾರ ಕೊಡ್ಲಿ, ಆಮ್ಯಾಕೆ ನಾವು ಕೊಡಾನ. ಬಂದು ಹೋದ್ರೆ ಲಕ್ಷ್ಮಿಗೂ ಬೇಜಾರಿಲ್ಲ."

ನೋಟುಗಳನ್ನು ಎಲೆಅಡಿಕೆ ಸಂಚಿಯಲ್ಲಿ ತುರುಕಿಕೊಂಡು ಅಜ್ಜಿ ಬಸ್ಸು ಹತ್ತಿದಳು. ಬ್ಯಾಂಕಿನಲ್ಲಿ ಕ್ಯಾಷಿಯರ್ ದುಡ್ಡಿಗೆ ಕೈಚಾಚಿದರೆ ಇವಳೂ ಕೈಚಾಚಿದಳು. ಇಬ್ಬರೂ ಹಾಗೇ ನಿಂತರು. ಹಿಂದೆ ಸಾಲು ಬೆಳೆಯಿತು.

"ಅದೇನಾರ ಕೊಟ್ಟು ಕಳಿಸ್ರೀ, ನಮಗೂ ಬಸ್ಸಿಗೆ ಹೊತ್ತಾಯ್ತದೆ!" ಎಂದು ಕೊಬ್ಬರಿ ದುಡ್ಡು ಬಿಡಿಸಿಕೊಳ್ಳಲು ಬಂದಿದ್ದ ಹುಚ್ಚರಂಗಯ್ಯ ಕೂಗಿದ.

ಗಲಾಟೆ ಕೇಳಿ ರಂಗನಾಥ್ ಎದ್ದು ಬಂದರು. ಅಜ್ಜಿ ಎಲ್ಲವನ್ನೂ ವಿವರಿಸಿದಳು. ನಾನು ನೆಲ ನೋಡುತ್ತ ನಿಂತೆ. ಅವರು ಅಲ್ಲೇ ಬಿದ್ದಿದ್ದ ಹೋದ ವರ್ಷದ ಕ್ಯಾಲೆಂಡರ್ ಎತ್ತಿಕೊಟ್ಟರು.

"ಮುಗ್ದೋಗಿರೋ ವರ್ಷ ಕಟ್ಕಂಡು ನಾನೇನ್ಮಾಡ್ಲಪ್ಪ?"

ಆಗ ಅವರು ಕೌಂಟರಿಗೆ ದಾರ ಹಾಕಿ ಕಟ್ಟಿದ್ದ ಪೆನ್ನನ್ನು ದಾರದ ಸಮೇತ ಕಿತ್ತುಕೊಟ್ಟರು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ನೋಟು ಎಣಿಸಿಕೊಟ್ಟಳು. ಬ್ಯಾಂಕಿಗೆ ಬ್ಯಾಂಕೇ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಮುಂದೆ ಶುಕ್ರವಾರದ ಕಂತು ಬಂದಾಗಲೆಲ್ಲ ಡಾಕ್ಟರನ್ನು ಕಾಡಿ ಬೇಡಿ ಸಂಬಳ ಮೊದಲೇ ಇಸಿದುಕೊಂಡೆ.

ವರ್ಷ ತುಂಬಿತು, ಫ್ರಿಜ್ ಸಾಲ ತೀರಿತು, ನನಗೂ ಒಂದು ಸ್ಕೋರ್ ಬಂತು. ದೊಡ್ಡ ಸಾಲ ಮಂಜೂರಾಯಿತು. ಬಸ್ ಸ್ಟ್ಯಾಂಡಿನ ಪಕ್ಕ ಒಳ್ಳೆಯ ಮಳಿಗೆಯೂ ಸಿಕ್ಕಿತು. ಮಾಲೀಕ ಗಂಗಾಧರ ಮಾತ್ರ ಖಡಾಖಂಡಿತ: ಶುಕ್ರವಾರ ಸಂಜೆಯೊಳಗೆ ಅಡ್ವಾನ್ಸ್ ಬರದಿದ್ದರೆ ಮೊಬೈಲ್ ಅಂಗಡಿಯವನಿಗೆ ಕೊಟ್ಟುಬಿಡುತ್ತೇನೆ ಎಂದ. ಶುಕ್ರವಾರ ಬೆಳಿಗ್ಗೆಯೇ ಬ್ಯಾಂಕಿಗೆ ಹೋದೆ. ಬೇಡವೆಂದರೂ ಅಜ್ಜಿ ಜೊತೆಗೆ ಬಂದಳು.

ರಂಗನಾಥ್ ಎಲ್ಲ ಕಾಗದಕ್ಕೂ ಸಹಿ ಮಾಡಿಸಿಕೊಂಡರು. ಕೊನೆಗೆ ತಲೆ ಕೆರೆದುಕೊಳ್ಳುತ್ತ, "ಸೋಮವಾರ ನಿಮ್ಮ ಖಾತೆಗೆ ಹಾಕ್ತೀನಿ ಮೇಡಂ," ಎಂದರು.

"ಸೋಮವಾರ ಹಾಕಿದ್ರೆ ಮಳಿಗೆ ಹೋಗಿರುತ್ತೆ! ಇವತ್ತೇನಾಗಿದೆ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅವತ್ತು ನಿಮ್ಮಜ್ಜಿ ವಿಷಯ ಮನೇಲಿ ಹೇಳ್ಕೊಂಡು ನಕ್ಕೆ. ನಮ್ಮಮ್ಮ ನಗಲಿಲ್ಲ. ಶುಕ್ರವಾರ ನಿನ್ನ ಕೈಯಿಂದ ಹೊಸ ಸಾಲ ಆಚೆ ಹೋದ್ರೆ ರಾತ್ರಿ ಊಟ ಇಲ್ಲ ಅಂದ್ಬಿಟ್ರು. ಸಂಜೆ ಫೋನ್ ಮಾಡಿ ಕೇಳ್ತಾರೆ ಕಣ್ರೀ."

ನನ್ನ ಬಾಯಿಂದ ಏನು ಬರುತ್ತಿತ್ತೋ ದೇವರಿಗೇ ಗೊತ್ತು. ಅಜ್ಜಿ ನನ್ನ ಕೈ ಒತ್ತಿ ಹಿಡಿದಳು. ಸಂಚಿ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಮೇಜಿನ ಮೇಲಿಟ್ಟು, ತಳದಿಂದ ಆ ಪೆನ್ನು ತೆಗೆದಳು.

"ತಗಳಪ್ಪ. ನಿಮ್ಮವ್ವ ಹೇಳಿದ್ದು ಸರಿಯಾಗೇ ಐತೆ. ಈಗ ನಿಂಗೂ ಬಂತಲ್ಲ, ಕೊಡು."

ರಂಗನಾಥ್ ಎದ್ದು ನಿಂತು ಎರಡೂ ಕೈಯಲ್ಲಿ ಪೆನ್ನು ಇಸಿದುಕೊಂಡರು, ಕಣ್ಣಿಗೊತ್ತಿಕೊಂಡರು, ಕೂತು ಕಂಪ್ಯೂಟರಿನ ಗುಂಡಿ ಒತ್ತಿದರು. ನನ್ನ ಮೊಬೈಲಿಗೆ ಹಣ ಬಂದ ಮೆಸೇಜ್ ಬಂತು. ಆ ಕ್ಷಣ ಅಜ್ಜಿಯನ್ನು ಅಪ್ಪಿಕೊಳ್ಳಬೇಕೆನಿಸಿತು, ಅಪ್ಪಿಕೊಂಡೆ.

ರಂಗನಾಥ್ ಪೆನ್ನನ್ನು ತಿರುಗಿಸಿ ನೋಡುತ್ತಿದ್ದರು.

"ಇದಕ್ಕೊಂದು ದಾರ ಇತ್ತಲ್ಲಜ್ಜಿ?"

"ಅದು ಮನೇಲೈತೆ, ಫ್ರಿಜ್ಜಿನ ಬಾಗಿಲಿಗೆ ಕಟ್ಟಿವ್ನಿ," ಅಂದಳು ಅಜ್ಜಿ, ಎಲೆಅಡಿಕೆಯನ್ನು ಸಂಚಿಗೆ ತುಂಬುತ್ತ. "ಇವತ್ತು ಶುಕ್ರವಾರ ಕಣಪ್ಪ. ಇರೋದನ್ನೆಲ್ಲ ಕೊಟ್ಬುಡಕ್ಕಾಯ್ತದಾ?"