ಗಂಗವ್ವನಿಗೆ ತುಂಬಿದ ಉಡಿ

ನಮ್ಮಣ್ಣ ವೀರಪ್ಪ ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರಿ. ನಮ್ಮ ಮನೆತನದಲ್ಲಿ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದವರೇ ಇಲ್ಲ. ಅಂಥವನಿಗೆ ತೊಂಬತ್ತೊಂದನೇ ಇಸವಿಯಲ್ಲಿ ದೋಣಿಯ ಹುಚ್ಚು ಹಿಡಿಯಿತು. ಗೋವೆಯಿಂದ ಫೈಬರಿನ ದೋಣಿಯೊಂದನ್ನು ಲಾರಿಯ ಮೇಲೆ ತರಿಸಿ, ಸವದತ್ತಿ ಹಿನ್ನೀರಿನ ದಂಡೆಯಲ್ಲಿದ್ದ ನಮ್ಮ ಹೊಲದ ಬದಿಗೆ ಕಟ್ಟಿದ.

ಮಾರಿದವನು ಹೇಳಿಕೊಟ್ಟದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಹತ್ತುವ ಮೊದಲೇ ತೇಲುವ ಜಾಕೆಟ್ ತೊಡಬೇಕು. ನಡುನೀರಿನಲ್ಲಿ ಎದ್ದು ನಿಲ್ಲಬಾರದು. ಎಲ್ಲರೂ ಒಂದೇ ಕಡೆ ಸರಿಯಬಾರದು. ಕುಂತರೂ ಇದೇ ಪಾಠ, ನಿಂತರೂ ಇದೇ. ಅವನ ಹೆಂಡತಿ, ನಮ್ಮ ದೇವಕ್ಕ ವೈನಿ, ರೊಟ್ಟಿ ಬಡಿಯುತ್ತ ನಗುತ್ತಿದ್ದಳು.

"ಸಾಲಿ ಮಾಸ್ತರ ಆಗಬೇಕಿತ್ರೀ ನೀವು. ಹತ್ತಿ ಯಾಕ ಮಾರತೀರಿ?"

"ನಗು, ನಗು. ಜಾಕೆಟ್ ಇಲ್ಲದ ಒಬ್ಬರನ್ನೂ ನಾ ಹತ್ತಿಸಂಗಿಲ್ಲ, ನೋಡು."

ಹೊಸ ದೋಣಿ ನೀರಿಗಿಳಿದ ಮೇಲೆ ಗಂಗವ್ವನಿಗೆ ಉಡಿ ತುಂಬದೆ ಇರುವುದುಂಟೆ? ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಕಣ, ಹಸಿರು ಬಳೆ ಎಲ್ಲ ಸಿದ್ಧವಾಯಿತು. "ದಂಡಿಯಿಂದ ಬಿಟ್ಟರ ಕೆಸರಿಗಿ ಬೀಳತೈತಿ, ನಡುನೀರಾಗ ತುಂಬೋಣು" ಎಂದವಳು ವೈನಿಯ ಅಕ್ಕ ರಾಯವ್ವ. ವೈನಿ, ರಾಯವ್ವ ಸೇರಿ ಐವರು ಮುತ್ತೈದೆಯರು ಸೀರೆಯ ಮೇಲೆ ಕೇಸರಿ ಜಾಕೆಟ್ ತೊಟ್ಟು, ಒಬ್ಬರನ್ನೊಬ್ಬರು ನೋಡಿ ನಗುತ್ತ ಹತ್ತಿದರು. ನಾನು ಗಂಡ ಸತ್ತವಳು. ಉಡಿ ತುಂಬುವ ಕಡೆ ನನ್ನನ್ನು ಯಾರೂ ಕರೆಯುವುದಿಲ್ಲ. ಅಣ್ಣನ ಮಗಳು, ನಾಲ್ಕು ವರ್ಷದ ಮೀನಾಳನ್ನು ತೊಡೆಯ ಮೇಲಿಟ್ಟುಕೊಂಡು ದಂಡೆಯಲ್ಲಿ ಕುಳಿತೆ. ನನಗೆ ಸಿಟ್ಟು ಬಂದಿತ್ತು.

ನೀರಿನ ಮೇಲೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ನಡುನೀರಿನಲ್ಲಿ ಅಣ್ಣ ಹುಟ್ಟು ಹಾಕುವುದನ್ನು ನಿಲ್ಲಿಸಿದಾಗ ವೈನಿ ಅಂದಳು: "ಏನ್ರೀ, ಇದನ್ನ ಬಿಚ್ಚತೇನಿ. ಸೆರಗು ಇದರಾಗ ಸಿಕ್ಕೊಂಡೈತಿ. ತಲಿ ಮ್ಯಾಲ ಸೆರಗಿಲ್ಲದ ಗಂಗವ್ವಗ ಉಡಿ ಹೆಂಗ ತುಂಬಲಿ?"

ಜಾಕೆಟ್ಟಿಗಾಗಿ ಕಂಡಕಂಡವರ ಮೇಲೆ ಎಗರಾಡುತ್ತಿದ್ದ ನಮ್ಮಣ್ಣ, ದೇವರ ಮಾತು ಬಂದೊಡನೆ ಮೆತ್ತಗಾದ. "ಲಗೂನ ಮುಗಸು" ಎಂದು ತಾನೂ ಕೈಮುಗಿದ. ಉಡಿಯನ್ನು ಕುಳಿತುಕೊಂಡು ಕೊಡುವ ರೂಢಿ ನಮ್ಮಲ್ಲಿಲ್ಲ. ವೈನಿ ಜಾಕೆಟ್ ಬಿಚ್ಚಿಟ್ಟು, ಸೆರಗು ಹೊದ್ದು ಎದ್ದು ನಿಂತಳು. ಐವರ ಕೈಯೂ ಮೊರಕ್ಕೆ ಹತ್ತಬೇಕಲ್ಲ, ಉಳಿದವರೂ ಎದ್ದು ಅವಳ ಕಡೆಗೇ ಬಾಗಿದರು. ದೋಣಿ ಮಗುಚಿತು.

ಕೇಸರಿ ಜಾಕೆಟ್ಟುಗಳು ಒಂದೊಂದಾಗಿ ಮೇಲೆ ಬಂದವು. ವೈನಿಯದೂ ಬಂತು, ಬರಿದಾಗಿ.

ಅಣ್ಣ ಮುಳುಗಿ ಅವಳನ್ನು ಹುಡುಕಲು ಹೆಣಗಿದ. ಅವನ ಜಾಕೆಟ್ ಅವನನ್ನು ಮತ್ತೆ ಮತ್ತೆ ಮೇಲಕ್ಕೆ ಎತ್ತಿ ಹಾಕಿತು. ಅದರ ದಾರಗಳನ್ನು ಅವನೇ ಬಿಗಿಯಾಗಿ ಕಟ್ಟಿಕೊಂಡಿದ್ದ. ಒದ್ದೆಯಾದ ಗಂಟು ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚುತ್ತಿದ್ದ, "ದೇವೂ, ದೇವೂ" ಎಂದು ಕೂಗುತ್ತಿದ್ದ.

"ಅಪ್ಪ ಈಜಾಕ ಹತ್ಯಾನ!" ಎಂದು ಮೀನಾ ಚಪ್ಪಾಳೆ ತಟ್ಟಿದಳು. ನಾನು ಅವಳ ಕೈಗಳನ್ನು ಹಿಡಿದು ಅಳತೊಡಗಿದೆ.

ವೈನಿಯ ಮಣ್ಣಿಗೆ ಬಂದ ಹೆಂಗಸರು "ಮುತ್ತೈದಿ ಸಾವು, ಪುಣ್ಯಾತಗಿತ್ತಿ" ಎಂದರು. ಅಂಥ ಪುಣ್ಯಕ್ಕೆ ಬೆಂಕಿ ಬೀಳಲಿ. ತಾಯಿಯಿಲ್ಲದ ಮಗುವನ್ನು ಸಾಕಿದ್ದು ನಾನು. ಅಣ್ಣ ಮತ್ತೆ ಯಾರಿಗೂ ಯಾವ ಪಾಠವನ್ನೂ ಹೇಳಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಮೀನಾ ಬಸುರಾದಳು. ಸೀಮಂತದ ಕುಬಸ ಮಾಡುವ ದಿನ ಹಸಿರು ಸೀರೆ ಉಡಿಸಿ, ಪಡಸಾಲೆಯಲ್ಲಿ ಗೋಡೆಗೆ ಒತ್ತಿ ಮಣೆಯ ಮೇಲೆ ಕೂರಿಸಿದೆವು. ಮುಖ ಥೇಟ್ ವೈನಿಯದೇ. ಉಡಿ ತುಂಬುವ ಹೊತ್ತಾಯಿತು. ಮೊರ ಹಿಡಿದ ಹೆಂಗಸರು ಒಮ್ಮೆಲೇ ಎದ್ದು ಅವಳ ಕಡೆಗೆ ಬಾಗಿದರು.

"ಏಳಬ್ಯಾಡ್ರಿ!" ಬಾಗಿಲಲ್ಲಿ ನಿಂತಿದ್ದ ಅಣ್ಣ ಚೀರಿದ. "ಎಲ್ಲಾರೂ ಒಂದ ಕಡಿ ಹೋಗಬ್ಯಾಡ್ರಿ! ಕುಂಡ್ರರಿ! ನಿಮ್ಮ ಕಾಲಿಗಿ ಬೀಳತೇನಿ, ಕುಂಡ್ರರಿ!"

ಕಾಲಡಿ ಇದ್ದದ್ದು ಕಲ್ಲುಹಾಸಿನ ಗಟ್ಟಿ ನೆಲ. ಆದರೂ ಯಾರೂ ನಗಲಿಲ್ಲ. ಮೊದಲು ರಾಯವ್ವ ಕುಳಿತಳು, ಆಮೇಲೆ ಎಲ್ಲರೂ. ಕುಳಿತಲ್ಲಿಂದಲೇ ಒಬ್ಬೊಬ್ಬರಾಗಿ ಸರಿದು ಬಂದು ಮೀನಾಳ ಉಡಿ ತುಂಬಿದರು. ಕೊನೆಯವಳು ಹಿಂದೆ ಸರಿಯುವವರೆಗೂ ನಮ್ಮಣ್ಣ ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡೇ ಇದ್ದ.