ಹುಮನಾಬಾದಿಗೆ ಮರಳಿನ ಲೋಡು

ಕುಷಾಯಿಗೂಡದ ಆಯಿಲ್ ಕಂಪನಿಗೆ ನಲವತ್ತು ವರ್ಷ ತುಂಬಿತು. ಅದರ ಇತಿಹಾಸ ಬರೆಯುವ ಕೆಲಸ ಲ್ಯಾಬಿನ ಲಹರಿಗೆ ಬಿತ್ತು. ಮೊದಲ ದಿನಗಳನ್ನು ಕಂಡವರಲ್ಲಿ ಉಳಿದವನು ನಿವೃತ್ತ ಡ್ರೈವರ್ ಅಮರಯ್ಯ ಒಬ್ಬನೇ ಎಂದು ತಿಳಿದು, ಒಂದು ಭಾನುವಾರ ಅವನ ಬಾಡಿಗೆ ಕೋಣೆ ಹುಡುಕಿಕೊಂಡು ಹೋದಳು.

ಅವಳು ಕನ್ನಡದಲ್ಲಿ ಮಾತಾಡಿಸಿದಾಗ ಮುದುಕ ಒಳಗೆ ಕರೆದು ಚಾಪೆ ಹಾಸಿದ. ತೆಲುಗರ ನಡುವಿನ ಆ ಕೋಣೆಯಲ್ಲಿ ಕನ್ನಡ ಕೇಳಿ ಬಹಳ ವರ್ಷವಾಗಿತ್ತು.

“ಡೀಸೆಲ್ಲಿಗೆ ಬೆರೆಸೋ ನಮ್ಮ ಮೊದಲ ಎಣ್ಣಿ ಹಾಕಿ ಲಾರಿ ನೀವ ಓಡಿಸಿ ನೋಡಿದ್ರಂತ, ಕಾಕಾ?”

“ಹೌದವ್ವಾ. ಹತ್ತು ಟನ್ ಮರಳಿನ ಚೀಲ ಹೇರಿ ಹುಮನಾಬಾದಿಗೆ ಹೋಗೋದು, ಇಳಿಸದನ ಹೊಳ್ಳಿ ಬರೋದು. ವಾರಕ್ಕ ಆರು ದಿನ. ಹಂಗ ಎರಡು ವರ್ಷ.”

ಮಾಲೀಕ ನರಸಿಂಹರಾಯರು ಬಿಗಿ ಮನುಷ್ಯ. ದಿನವೂ ಅದೇ ದಾರಿ, ಅದೇ ತೂಕ ಇದ್ದರೆ ಮಾತ್ರ ಎಣ್ಣೆಯಿಂದ ಎಷ್ಟು ಡೀಸೆಲ್ ಉಳಿಯಿತೆಂಬುದನ್ನು ನಂಬಬಹುದು ಎನ್ನುತ್ತಿದ್ದರು. ಕ್ಲೀನರನನ್ನೂ ಹತ್ತಿಸಿಕೊಳ್ಳುವಂತಿರಲಿಲ್ಲ. ಯಾರ ಮಾಲೆಂದು ಚಹಾದಂಗಡಿಯವರು ಕೇಳಿದರೆ ಅಮರಯ್ಯ ಬರೀ ಮರಳೆಂದು ಹೇಳಿ ಲಾರಿ ಹತ್ತುತ್ತಿದ್ದ.

ಅವನ ಹೆಂಡತಿ ಗದಿಗೆಮ್ಮನ ತವರು ಹುಮನಾಬಾದೇ. ಒಮ್ಮೆ ಅವ್ವನಿಗೆ ಆರಾಮಿಲ್ಲವೆಂದು ಸುದ್ದಿ ಬಂದಾಗ, ತಾನೂ ಲಾರಿಯಲ್ಲೇ ಬರುತ್ತೇನೆಂದಳು.

“ತೂಕ ಬದಲಾಗ್ತೈತಿ ಅಂದೆ. ‘ನಂದೆಷ್ಟರ ತೂಕ ಐತ್ರಿ?’ ಅಂತ ನಕ್ಕಳು. ನಾ ಒಪ್ಪಲಿಲ್ಲ. ಬಸ್ಸಿಗೆ ಹೋದಳು. ಮತ್ತ ಯಾವತ್ತೂ ಕೇಳಲಿಲ್ಲ. ಮರುವರ್ಷ ಜ್ವರ ಬಂದು ತೀರಿಕೊಂಡಳು.”

ಲಹರಿ ಬರೆಯುವುದನ್ನು ನಿಲ್ಲಿಸಿದಳು.

“ಮಣ್ಣು ಮಾಡಿ ಮೂರನೇ ದಿನಕ್ಕ ಲಾರಿ ಹತ್ತಿದೆ. ಜಹೀರಾಬಾದ್ ದಾಟಾಕತ್ತಿದ್ದೆ, ಆಗ ಹೊಳೀತು. ಒಂದು ಚೀಲ ಮರಳು ಇಳಿಸಿ ಆಕೀನ್ನ ಕೂಡಿಸಿಕೊಂಡಿದ್ರ ತೂಕ ಸರಿ ಆಗ್ತಿತ್ತು. ಇಷ್ಟು ಸಣ್ಣ ಮಾತು ಅವತ್ತು ತಿಳೀಲಿಲ್ಲ ನೋಡು.”

ಅವಳು ಪೆನ್ನನ್ನು ಮತ್ತೆ ಎತ್ತಿಕೊಂಡಳು. “ಇದನ್ನ ಬರೀಲೇನು ಕಾಕಾ?” ಎಂದಳು.

“ಬ್ಯಾಡವ್ವಾ. ಕಂಪನಿ ಪುಸ್ತಕದಾಗ ಇದಕ್ಕೇನು ಕೆಲಸ? ಎರಡು ಲಕ್ಷ ಕಿಲೋಮೀಟರ್ ಅಂತ ಬರಿ, ಸಾಕು.”

ತಿಂಗಳ ನಂತರ ಪುಸ್ತಕವನ್ನು ಅವಳೇ ತಂದುಕೊಟ್ಟು ಹೋದಳು. ಅದು ಇಂಗ್ಲಿಷಿನಲ್ಲಿತ್ತು, ಅವನಿಗೆ ಓದಲು ಬಾರದು. ಅವನ ಹೆಸರಿದ್ದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಗದಿಗೆಮ್ಮನ ಹೆಸರು ಅದರಲ್ಲಿ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಬೇಡವೆಂದವನು ತಾನೇ. ಆದರೂ ಬಾಗಿಲ ಬೆಳಕಿಗೆ ಕುಳಿತು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡುತ್ತ ಕೊನೆಯ ಪುಟದವರೆಗೂ ಹೋದ.